ಥಂಡರ್‌ಬರ್ಡ್‌ನಲ್ಲಿ ಜೊತೆಯಾದ ಹಿರಿಯರಿಗೆ

ಕ್ಯಾಲಿಫೋರ್ನಿಯಾದ ಮರುಭೂಮಿಯಲ್ಲಿ 1951ರಲ್ಲಿ ಆರಂಭವಾಗಿ, ಗಾಲ್ಫ್ ಪಂದ್ಯಾವಳಿಯಾದ 1955ರ ರೈಡರ್ ಕಪ್‌ಗೆ ಆತಿಥ್ಯ ನೀಡಿದ ಥಂಡರ್‌ಬರ್ಡ್ ಕಂಟ್ರಿ ಕ್ಲಬ್‌ನಲ್ಲಿ, ಸದಸ್ಯರಾದ ಸ್ನೇಹಿತರೊಬ್ಬರ ಅತಿಥಿಯಾಗಿ ಆಡುವ ಅವಕಾಶ ನನಗೆ ಒದಗಿತ್ತು. ಅಂದು ನಮ್ಮೊಡನೆ ಆಡಿದ, ಹೆಸರು ಕೇಳಲೂ ನಾನು ಮರೆತ (ನನ್ನ ಹಳೆಯ ದೌರ್ಬಲ್ಯ) ಹಿರಿಯರಿಗೆ ಹೃತ್ಪೂರ್ವಕ ಧನ್ಯವಾದಗಳು. ಗ್ರೀನ್ (ಕುಳಿಯ ಸುತ್ತಲಿನ ನುಣುಪಾದ ಹುಲ್ಲುಹಾಸು) ಸಮತಟ್ಟಾಗಿದೆಯೆಂದು ನಂಬಿ ನೇರವಾಗಿ ತಳ್ಳಿದ ನನ್ನ ಚೆಂಡು ಮತ್ತೆ ಮತ್ತೆ ಕುಳಿಯ ಪಕ್ಕಕ್ಕೆ ಹೊರಳಿದಾಗ, ಅವರು ಬಣ್ಣಗೆಟ್ಟ ಗ್ಲೌಸಿನ ಕೈಯನ್ನು ಚಾಚಿ, ಇಲ್ಲಿನ ನೆಲವು ಬೆಟ್ಟದ ಬುಡದಿಂದ ಇಂಡಿಯೊ ಊರಿನ ಕಡೆಗೆ ಕಣ್ಣಿಗೆ ಕಾಣದಂತೆ ಇಳಿಯುತ್ತದೆ ಎಂದು ತಿಳಿಸಿದರು. ಪೊದೆಗೆ ಬಿದ್ದ ಚೆಂಡಿಗಾಗಿ ನಾನು ಬಾಗಿದಾಗಲಂತೂ, ರ‍್ಯಾಟಲ್‌ಸ್ನೇಕ್ ಎಂಬ ವಿಷದ ಹಾವು ಇರಬಹುದೆಂದು ತೋಳು ಹಿಡಿದು ತಡೆದು, ಹಸಿರು ಚುಕ್ಕೆಯಿದ್ದ ತಮ್ಮದೇ ಚೆಂಡನ್ನು ನನ್ನ ಅಂಗೈಯಲ್ಲಿಟ್ಟರು. ಅದನ್ನು ಹಿಂದಿರುಗಿಸದೆ ಬಂದುದಕ್ಕೆ ಕ್ಷಮೆಯಿರಲಿ.