ಬಾಗಿಲು ಯಾವ ಕಡೆಗೆ ತೆರೆಯುತ್ತಿತ್ತು?

ಮೈಸೂರು

ಚಿ. ಸಿಂಧುವಿಗೆ ದೊಡ್ಡಪ್ಪ ಮಾಡುವ ಆಶೀರ್ವಾದಗಳು. ಇತ್ತ ಎಲ್ಲರೂ ಕ್ಷೇಮ.

ನೀನು ಕಳಿಸಿದ ಪ್ರಬಂಧದ ಚೌಕಟ್ಟು ನೋಡಿದೆ. ಕೈಗಾರಿಕೆ ಬೆಳೆದ ಕಾಲದ ಅಮೆರಿಕದ ಸಮಸ್ಯೆಗಳು, ಆಮೇಲೆ ಸುಧಾರಕರು, ಆಮೇಲೆ ಕಾನೂನುಗಳು, ಕೊನೆಗೆ ಫಲಿತಾಂಶ. ಹೀಗೆ ಬರೆದರೆ ಪರೀಕ್ಷೆಯ ಅಂಕ ಬಂದೀತು. ಆದರೆ ಅಲ್ಲಿ ಕೆಟ್ಟಿದ್ದು ಏನು ಅನ್ನುವುದು ನಿನಗೂ ತಿಳಿಯುವುದಿಲ್ಲ, ಓದುವವರಿಗೂ ತಿಳಿಯುವುದಿಲ್ಲ. ಆ ಕಾಲದಲ್ಲಿ ಕಾನೂನಿಗೇನೂ ಅಂಥಾ ಬರವಿರಲಿಲ್ಲ. ಅದನ್ನು ಹಿಡಿದುಕೊಂಡು ಕಾರ್ಖಾನೆಯ ಮೆಟ್ಟಿಲು ಹತ್ತುವವರು ಸಾಲದಾಗಿದ್ದರು. ಹತ್ತಿದವರ ಕೈಯಲ್ಲಿ ಪುರಾವೆ ಇರುತ್ತಿರಲಿಲ್ಲ. ಪುರಾವೆ ಸಿಕ್ಕಾಗ ಕೋರ್ಟು ಅಡ್ಡ ಬರುತ್ತಿತ್ತು. ಈ ಎಳೆ ಹಿಡಿದು ಬರೆ.

ಶುರುಮಾಡುವುದಕ್ಕೆ ದೂರ ಹೋಗಬೇಕಾಗಿಲ್ಲ. ನ್ಯೂಯಾರ್ಕಿನಲ್ಲಿ ವಾಷಿಂಗ್ಟನ್ ಪ್ಲೇಸ್ ಮತ್ತು ಗ್ರೀನ್ ಸ್ಟ್ರೀಟ್ ಕೂಡುವ ಮೂಲೆಯಲ್ಲಿ ನಿಮ್ಮ ವಿಶ್ವವಿದ್ಯಾಲಯದ ಬ್ರೌನ್ ಬಿಲ್ಡಿಂಗ್ ಇದೆಯಲ್ಲ, ಅದೇ ಆಗಿನ ಆಶ್ ಬಿಲ್ಡಿಂಗ್. ಹತ್ತು ಅಂತಸ್ತಿನ ಆ ಕಟ್ಟಡದ ಮೇಲಿನ ಮೂರು ಅಂತಸ್ತುಗಳಲ್ಲಿ ಟ್ರಯಾಂಗಲ್ ಕಂಪನಿ ಹೆಂಗಸರ ಬ್ಲೌಸು ಹೊಲಿಸುತ್ತಿತ್ತು. 1911ರ ಮಾರ್ಚ್ 25ರ ಶನಿವಾರ, ಸಂಜೆ ಕೆಲಸ ಬಿಡುವ ಹೊತ್ತಿಗೆ ಬೆಂಕಿ ಬಿದ್ದು 146 ಜನ ಸತ್ತರು. ಹೆಚ್ಚಿನವರು ಇಟಲಿಯಿಂದ ಮತ್ತು ಪೂರ್ವ ಯೂರೋಪಿನ ಯೆಹೂದಿ ಮನೆಗಳಿಂದ ವಲಸೆ ಬಂದ ಹುಡುಗಿಯರು. ಇಷ್ಟನ್ನು ಎಲ್ಲರೂ ಬರೆಯುತ್ತಾರೆ. ನೀನು ಬರೆಯಬೇಕಾದ್ದು ಅವರು ಯಾಕೆ ಇಳಿಯಲಾಗಲಿಲ್ಲ ಅನ್ನುವುದನ್ನು.

8ನೇ ಅಂತಸ್ತಿನಲ್ಲಿ ಕಟಿಂಗ್ ಟೇಬಲ್‌ಗಳು, ಅವುಗಳ ಕೆಳಗೆ ಚಿಂದಿ ತುಂಬುವ ಪೆಟ್ಟಿಗೆಗಳು. ಚಿಂದಿಯನ್ನು ಕೊಳ್ಳುವ ವ್ಯಾಪಾರಿ ವರ್ಷಕ್ಕೆ ಕೆಲವೇ ಸಲ ಬರುತ್ತಿದ್ದ. ಜನವರಿಯಲ್ಲಿ ತೆಗೆದದ್ದೇ ಕೊನೆ. ತೆಳು ಹತ್ತಿಬಟ್ಟೆ, ಜೊತೆಗೆ ಟಿಶ್ಯೂ ಕಾಗದ. ಸಿಗರೇಟಿನ ಚೂರೋ ಬೆಂಕಿಕಡ್ಡಿಯೋ ಅದರೊಳಗೆ ಬಿದ್ದಿರಬೇಕು. ಬಕೆಟ್ ನೀರು ಎರಚಿದರು, ಸಾಲಲಿಲ್ಲ. ಗೋಡೆಯ ಹೋಸ್ ಎಳೆದರು, ನೀರು ಬರಲಿಲ್ಲ. 8ರಿಂದ 10ನೇ ಅಂತಸ್ತಿನ ಆಫೀಸಿಗೆ ಫೋನ್ ಹೋಯಿತು. ಅಲ್ಲಿದ್ದವರು ಬಹುಪಾಲು ತಾರಸಿಗೆ ಹತ್ತಿ ಉಳಿದುಕೊಂಡರು. ನಡುವಿನ 9ಕ್ಕೆ ಯಾರೂ ಹೇಳಲಿಲ್ಲ, ಬೆಂಕಿಯೇ ಹೋಗಿ ಹೇಳಿತು.

ಆ 9ರಲ್ಲಿ ಹೊಲಿಗೆ ಮಿಷನ್‌ಗಳ ಉದ್ದುದ್ದ ಸಾಲು. ವಾಷಿಂಗ್ಟನ್ ಪ್ಲೇಸ್ ಕಡೆಯ ಬಾಗಿಲಿಗೆ ಬೀಗ. ಕೆಲಸ ಮುಗಿಸಿದವರು ಗ್ರೀನ್ ಸ್ಟ್ರೀಟ್ ಕಡೆಯಿಂದಲೇ ಒಬ್ಬೊಬ್ಬರಾಗಿ ಹೊರಡಬೇಕು, ಏನೂ ಕದ್ದಿಲ್ಲವೆಂದು ಕೈಚೀಲ ಬಿಚ್ಚಿ ತೋರಿಸಬೇಕು. ಹಾಗಾದರೆ ಕಳುವಾಗುತ್ತಿದ್ದುದೆಷ್ಟು? ಮಾಲೀಕರಲ್ಲೊಬ್ಬರಾದ ಐಸಾಕ್ ಹ್ಯಾರಿಸ್ ವಿಚಾರಣೆಯಲ್ಲಿ 25 ಡಾಲರ್ ದಾಟಲಾರದು ಎಂದು ಒಪ್ಪಿಕೊಂಡರು. ಹಿಂಬದಿಯ ಕಬ್ಬಿಣದ ಮೆಟ್ಟಿಲು ಜನರ ಭಾರಕ್ಕೆ ಕುಸಿಯಿತು. ಅಗ್ನಿಶಾಮಕ ದಳದ ಏಣಿ 6ನೇ ಅಂತಸ್ತಿನವರೆಗೆ ಮಾತ್ರ ಮುಟ್ಟಿತು.

ಈಗ ಆಗಿನ ಕಾನೂನು ನೋಡು. ಕೆಲಸದ ವೇಳೆಯಲ್ಲಿ ಬಾಗಿಲಿಗೆ ಬೀಗ ಹಾಕಕೂಡದು ಎಂದು ನ್ಯೂಯಾರ್ಕ್ ರಾಜ್ಯದ ಕಾರ್ಮಿಕ ಕಾನೂನು ಬೆಂಕಿಗೆ ಮೊದಲೇ ಹೇಳಿತ್ತು. ಬಾಗಿಲು ಹೊರಕ್ಕೆ ತೆರೆಯಬೇಕು ಎಂದೂ ಹೇಳಿತ್ತು. ಜೊತೆಗೆ ‘ಸಾಧ್ಯವಾದ ಕಡೆ’ ಎಂಬ ಬಾಲಂಗೋಚಿ. ಮೆಟ್ಟಿಲ ತುದಿಯ ಜಾಗ ಇಕ್ಕಟ್ಟಾದ್ದರಿಂದ ಇಲ್ಲಿ ಬಾಗಿಲು ಒಳಕ್ಕೆ ತೆರೆಯುತ್ತಿತ್ತು. ಜನ ಒತ್ತಿ ನಿಂತ ಮೇಲೆ ಅಂಥ ಬಾಗಿಲನ್ನು ಎಳೆಯುವುದು ಯಾರಿಂದ ಆದೀತು? 150 ಅಡಿಗಿಂತ ಎತ್ತರದ ಕಟ್ಟಡಕ್ಕೆ ಮರದ ನೆಲ, ಮರದ ಚೌಕಟ್ಟು ಕೂಡದು ಎಂದಿತ್ತು. ಇದು 135 ಅಡಿ. ಇಷ್ಟು ವಿಸ್ತಾರದ ಅಂತಸ್ತಿಗೆ ಮೂರು ಮೆಟ್ಟಿಲ ಸಾಲು ಇರಬೇಕಿತ್ತು. ಹಿಂಬದಿಯ ಕಬ್ಬಿಣದ ಮೆಟ್ಟಿಲನ್ನೇ ಮೂರನೆಯದೆಂದು ಲೆಕ್ಕ ಹಿಡಿದು ಎರಡೇ ಕಟ್ಟಿದರು. ಕಾಗದದ ಮೇಲೆ ಹೆಚ್ಚು ಕಡಿಮೆ ಎಲ್ಲವೂ ಸರಿಯಾಗಿತ್ತು. ಆ ವರ್ಷದ ಡಿಸೆಂಬರ್‌ನಲ್ಲಿ ಮಾಲೀಕರ ಬಿಡುಗಡೆಯೂ ಆಯಿತು. ಬಾಗಿಲಿಗೆ ಆ ಗಳಿಗೆಯಲ್ಲಿ ಬೀಗವಿದ್ದದ್ದು ಅವರಿಗೆ ಗೊತ್ತಿತ್ತು ಎಂದೂ ಸಾಬೀತಾಗಬೇಕಿತ್ತು, ಆಗಲಿಲ್ಲ.

ಕೋಟೆ ಸೂರೆಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರು ಎಂದು ಇಲ್ಲಿಗೆ ಕೈತೊಳೆದುಕೊಳ್ಳಬೇಡ. ಆಮೇಲೆ ನಡೆದ ಕೆಲಸ ನಿಜಕ್ಕೂ ಬೇರೆ ಥರದ್ದು. ರಾಜ್ಯದ ಶಾಸಕರಾದ ರಾಬರ್ಟ್ ವ್ಯಾಗ್ನರ್ ಅಧ್ಯಕ್ಷರಾಗಿ, ಆಲ್ ಸ್ಮಿತ್ ಉಪಾಧ್ಯಕ್ಷರಾಗಿ ಕಾರ್ಖಾನೆ ತನಿಖಾ ಆಯೋಗ ರಚನೆಯಾಯಿತು. ಅದಕ್ಕಾಗಿ ದುಡಿದ ಸಮಾಜ ಸೇವಕಿ ಫ್ರಾನ್ಸಿಸ್ ಪರ್ಕಿನ್ಸ್ ಬರೀ ವರದಿ ಓದಿ ಹೇಳಲಿಲ್ಲ. ಒಂದು ಕಾರ್ಖಾನೆಯಲ್ಲಿ ವ್ಯಾಗ್ನರ್ ಅವರನ್ನು ಗೋಡೆಯ ಕಿಂಡಿಯೊಳಗೆ ತೆವಳಿಸಿ, ಮಂಜುಗಟ್ಟಿದ ಏಣಿ ತೋರಿಸಿದರು. ಬೆಂಕಿ ಬಿದ್ದಾಗ ಪಾರಾಗುವ ದಾರಿ ಎಂದು ಬರೆದಿದ್ದ ಆ ಏಣಿ ನೆಲದಿಂದ 12 ಅಡಿ ಮೇಲೇ ಮುಗಿದುಹೋಗಿತ್ತು. ಕಾನೂನು ಬರೆಯುವವರನ್ನೇ ತೆವಳಿಸಿದ್ದು ದೊಡ್ಡ ಉಪಾಯ. ಮುಂದಿನ ಎರಡು ಮೂರು ವರ್ಷಗಳಲ್ಲಿ ಬಂದ ಕಾನೂನುಗಳ ಭಾಷೆಯಲ್ಲೇ ವ್ಯತ್ಯಾಸ ಕಾಣುತ್ತದೆ: ಚಿಂದಿಯನ್ನು ಹೇಗೆ ಇಡಬೇಕು, ಯಾವಾಗ ತೆಗೆಯಬೇಕು, ಬೆಂಕಿ ಬಿದ್ದರೆ ತಾನೇ ನೀರು ಚಿಮುಕಿಸುವ ಸ್ಪ್ರಿಂಕ್ಲರ್ ಎಂಥ ಕಟ್ಟಡಕ್ಕೆ ಬೇಕು, ಮೆಟ್ಟಿಲ ಅಗಲಕ್ಕೆ ತಕ್ಕಂತೆ ಒಂದು ಅಂತಸ್ತಿನಲ್ಲಿ ಎಷ್ಟು ಜನ ಕೂರಬಹುದು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ತೀರಾ ಸಪ್ಪೆಯಾಗಿ ಕಾಣುವ ಒಂದು ನಿಯಮ: ಪ್ರತಿ ಕಾರ್ಖಾನೆಯೂ ಸರ್ಕಾರದಲ್ಲಿ ನೋಂದಾಯಿಸಿಕೊಳ್ಳಬೇಕು. ಎಲ್ಲೆಲ್ಲಿ ಕಾರ್ಖಾನೆ ಇದೆಯೆಂದೇ ಗೊತ್ತಿಲ್ಲದ ಇನ್‌ಸ್ಪೆಕ್ಟರ್ ಎಲ್ಲಿಗೆ ಹೋಗಬೇಕು?

ಇನ್ನೊಂದು ಮಾತು. ನಿನ್ನ ಸುಧಾರಕರ ಪಟ್ಟಿಯಲ್ಲಿ ಕ್ಲಾರಾ ಲೆಮ್ಲಿಕ್ ಹೆಸರಿಲ್ಲ. 1909ರ ನವೆಂಬರ್‌ನಲ್ಲಿ ಕೂಪರ್ ಯೂನಿಯನ್ ಎಂಬ ಕಾಲೇಜಿನ ಸಭಾಂಗಣದಲ್ಲಿ ಮುಖಂಡರ ಭಾಷಣ ಕೇಳಿ ಕೇಳಿ ಬೇಸತ್ತ ಆ ಬ್ಲೌಸು ಹೊಲಿಯುವ ಹುಡುಗಿ ಎದ್ದು ನಿಂತು ಮುಷ್ಕರಕ್ಕೆ ಕರೆ ಕೊಟ್ಟಳು. ಸುಮಾರು 20,000 ಬ್ಲೌಸು ಹೊಲಿಯುವವರು ಕೆಲಸ ಬಿಟ್ಟು ಬೀದಿಗಿಳಿದರು. ಬಹಳ ಕಂಪನಿಗಳು ಯೂನಿಯನ್ ಜೊತೆ ಒಪ್ಪಂದಕ್ಕೆ ಬಂದವು, ಟ್ರಯಾಂಗಲ್ ಬರಲಿಲ್ಲ. ಸುಧಾರಣೆಯನ್ನು ಓದಿದ ದೊಡ್ಡಮನುಷ್ಯರು ಮೇಲಿನಿಂದ ಇಳಿಸಿಕೊಟ್ಟರು ಎಂಬ ಧಾಟಿ ಬಂದರೆ ಅಲ್ಲೇ ಪೆನ್ನು ನಿಲ್ಲಿಸು.

ಬಾಲಕಾರ್ಮಿಕರ ಅಧ್ಯಾಯಕ್ಕೆ ಲೂಯಿಸ್ ಹೈನ್ ತೆಗೆದ ಫೋಟೋಗಳನ್ನು ಹಾಕಿಕೊಂಡಿದ್ದೀಯ, ಒಳ್ಳೆಯದು. ಅವುಗಳ ಕೆಳಗಿನ ಬರಹವನ್ನೂ ಓದು. ಹೈನ್ ಏನೋ ಬೇರೆ ಕೆಲಸಕ್ಕೆ ಬಂದವರೆಂದು ಸುಳ್ಳು ಹೇಳಿಕೊಂಡು ಗಿರಣಿಗಳೊಳಗೆ ಹೋಗುತ್ತಿದ್ದರು. ಮಗುವಿನ ಎತ್ತರವನ್ನು ತಮ್ಮ ಕೋಟಿನ ಗುಂಡಿಗಳಿಗೆ ಹೋಲಿಸಿ ನೋಡಿಕೊಂಡು, ಜೇಬಿನೊಳಗೇ ಕೈಯಿಟ್ಟು ಬರೆದುಕೊಳ್ಳುತ್ತಿದ್ದರು. ಇಷ್ಟು ಪಾಡು ಯಾಕೆಂದರೆ ವಯಸ್ಸಿಗೆ ಪುರಾವೆಯೇ ಇರಲಿಲ್ಲ. 14 ವರ್ಷದೊಳಗಿನವರನ್ನು ಕಾರ್ಖಾನೆಗೆ ಸೇರಿಸಬಾರದು ಎಂದು ಇಲಿನಾಯ್ 1893ರಲ್ಲೇ ಕಾನೂನು ಮಾಡಿತ್ತು. ಷಿಕಾಗೋದ ಬಡವರ ಕೇರಿಯ ಸೇವಾಕೇಂದ್ರ ಹಲ್ ಹೌಸ್‌ನಲ್ಲಿದ್ದ ಫ್ಲಾರೆನ್ಸ್ ಕೆಲ್ಲಿ ಅಲ್ಲಿನ ಮುಖ್ಯ ಕಾರ್ಖಾನೆ ಇನ್‌ಸ್ಪೆಕ್ಟರ್ ಆದರು. ಇಡೀ ರಾಜ್ಯಕ್ಕೆ ಅವರನ್ನೂ ಸೇರಿಸಿ ಹನ್ನೆರಡು ಜನ. ಅಪ್ಪನೋ ಅಮ್ಮನೋ ಪ್ರಮಾಣಪತ್ರ ಬರೆದುಕೊಟ್ಟರೆ ಹತ್ತರ ಹುಡುಗನಿಗೂ ಹದಿನಾಲ್ಕಾಗುತ್ತಿತ್ತು. ಮಗು ತಂದ ಕೂಲಿಯಿಲ್ಲದೆ ಮನೆ ನಡೆಯುತ್ತಿರಲಿಲ್ಲ, ಹಾಗಾಗಿ ಬರೆದುಕೊಡುತ್ತಿದ್ದರು. ಅವರನ್ನು ಖಳರನ್ನಾಗಿ ಮಾಡಬೇಡ. 1912ರಲ್ಲಿ ಜೂಲಿಯಾ ಲೇತ್ರಪ್ ಮುಖ್ಯಸ್ಥೆಯಾಗಿ ಶುರುವಾದ ಕೇಂದ್ರ ಸರ್ಕಾರದ ಮಕ್ಕಳ ಬ್ಯೂರೋ ಜನನ ನೋಂದಣಿಯ ಬೆನ್ನು ಹತ್ತಿದ್ದು ಇದೆಲ್ಲ ನೋಡಿಯೇ. ದೇಶದ ಎಲ್ಲ ರಾಜ್ಯಗಳೂ ಜನನ ನೋಂದಣಿಯ ವ್ಯವಸ್ಥೆಯೊಳಗೆ ಬಂದದ್ದು 1933ರಲ್ಲಿ. ಬಾಲಕಾರ್ಮಿಕ ಪದ್ಧತಿಯ ಚರಿತ್ರೆಯಲ್ಲಿ ಈ ಇಸವಿಯನ್ನು ನಿನ್ನ ಮೇಷ್ಟರೂ ನಿರೀಕ್ಷಿಸಿರಲಾರರು. ಹಾಕು.

ಕೋರ್ಟಿನ ಕಥೆ ಉದ್ದವಾದರೂ ಚುಟುಕಾಗಿ ಬರೆಯಬಹುದು. ಇಲಿನಾಯ್ ಕಾನೂನಿನಲ್ಲಿದ್ದ ಹೆಂಗಸರ ಎಂಟು ತಾಸಿನ ದುಡಿಮೆಯ ಮಿತಿಯನ್ನು 1895ರಲ್ಲಿ ಅಲ್ಲಿಯ ಸುಪ್ರೀಂ ಕೋರ್ಟು ಹೊಡೆದುಹಾಕಿತು. ಬೇಕರಿ ಕೆಲಸಗಾರರಿಗೆ ದಿನಕ್ಕೆ 10, ವಾರಕ್ಕೆ 60 ತಾಸು ಎಂದಿದ್ದ ನ್ಯೂಯಾರ್ಕ್ ಕಾನೂನು 1905ರಲ್ಲಿ ದೇಶದ ಸುಪ್ರೀಂ ಕೋರ್ಟಿನಲ್ಲಿ ಬಿತ್ತು. ಹೆಂಗಸರ ದುಡಿಮೆಯ ತಾಸಿನ ಮಿತಿ ಅದೇ ಕೋರ್ಟಿನ ಮುಂದೆ ಬಂದ 1908ರ ಮುಲ್ಲರ್ ಪ್ರಕರಣದಲ್ಲಿ ಮಾತ್ರ ಗಾಳಿ ತಿರುಗಿತು. ವಕೀಲ ಲೂಯಿಸ್ ಬ್ರ್ಯಾಂಡೈಸ್ ಸಲ್ಲಿಸಿದ ನೂರಕ್ಕೂ ಹೆಚ್ಚು ಪುಟಗಳಲ್ಲಿ ಕಾನೂನಿನ ವಾದ ಎರಡೇ ಪುಟ. ಉಳಿದದ್ದೆಲ್ಲ ಜೋಸೆಫೀನ್ ಗೋಲ್ಡ್‌ಮಾರ್ಕ್ ಮತ್ತಿತರರು ಕಲೆಹಾಕಿದ ವೈದ್ಯರ, ಇನ್‌ಸ್ಪೆಕ್ಟರ್‌ಗಳ ವರದಿಗಳು. ಗೆದ್ದರು. ಗೆದ್ದದ್ದು ಹೆಂಗಸು ದುರ್ಬಲೆ, ತಾಯಿಯಾಗುವವಳು ಎಂಬ ವಾದದ ಮೇಲೆ. ಅದೇ ವಾದ ಆಮೇಲೆ ಹೆಂಗಸರನ್ನು ಕೆಲವು ಕೆಲಸಗಳಿಂದ ದೂರವಿಡಲೂ ಬಳಕೆಯಾಯಿತು. ಎರಡನ್ನೂ ಹೇಳು.

14ರೊಳಗಿನ ಮಕ್ಕಳಿಂದ ಕೆಲಸ ಮಾಡಿಸಿಕೊಂಡ ಕಾರ್ಖಾನೆಯ ಸರಕು ರಾಜ್ಯದ ಗಡಿ ದಾಟಬಾರದೆಂದ 1916ರ ಕೀಟಿಂಗ್-ಓವೆನ್ ಕಾನೂನು ಜಾರಿಯಾಗಿ ಒಂಬತ್ತೇ ತಿಂಗಳಿಗೆ, 1918ರಲ್ಲಿ, ಸುಪ್ರೀಂ ಕೋರ್ಟಿನ 5-4ರ ತೀರ್ಪಿನಲ್ಲಿ ಸತ್ತಿತು. ದೇಶಕ್ಕೆಲ್ಲ ಅನ್ವಯಿಸುವ, ಬಾಳಿಕೆ ಬಂದ ಕಾನೂನಿಗೆ 1938ರವರೆಗೆ ಕಾಯಬೇಕಾಯಿತು. ಅಷ್ಟು ಹೊತ್ತಿಗೆ ಪರ್ಕಿನ್ಸ್ ಕಾರ್ಮಿಕ ಮಂತ್ರಿಯಾಗಿದ್ದರು. ಆದರೆ ಅದರಲ್ಲೂ ಹೊಲದ ಕೂಲಿಗಳು, ಮನೆಗೆಲಸದವರು ಹೊರಗುಳಿದರು. ದಕ್ಷಿಣದಲ್ಲಿ ಆ ಕೆಲಸಗಳಲ್ಲಿದ್ದವರು ಹೆಚ್ಚಾಗಿ ಕಪ್ಪುಜನ. ಇದನ್ನು ಅಡಿಟಿಪ್ಪಣಿಗೆ ತಳ್ಳಬೇಡ.

ನ್ಯೂಯಾರ್ಕಿನ ವಠಾರಗಳ ಮೇಲಿನ 1901ರ ಕಾನೂನಿಗೆ ಒಂದು ಪ್ಯಾರಾ ಸಾಕು. ಅದಕ್ಕೆ ಮುಂಚಿನ ಮಾದರಿಯಲ್ಲಿ ಗಾಳಿ ಬೆಳಕಿಗೆಂದು ಎರಡು ಕಟ್ಟಡಗಳ ನಡುವೆ ಬಿಟ್ಟಿದ್ದ ಕಿರಿದಾದ ಕಂಡಿ ಕಸದ ಗುಂಡಿಯಾಗಿ, ಬೆಂಕಿ ಬಿದ್ದಾಗ ಹೊಗೆಗೊಳವೆಯಾಗಿದ್ದನ್ನು ಮಾತ್ರ ಬಿಡಬೇಡ.

ಕೈಹಾಕುವ ಮುಂಚೆ ಟ್ರಯಾಂಗಲ್ ವಿಚಾರಣೆಯ ಸಾಕ್ಷಿಗಳ ಹೇಳಿಕೆ ಓದು. ಕಾರ್ನೆಲ್ ವಿಶ್ವವಿದ್ಯಾಲಯದಲ್ಲಿ ಕಾರ್ಮಿಕ ಚರಿತ್ರೆಯ ದಾಖಲೆ ಕಾಪಿಡುವ ಖೀಲ್ ಸೆಂಟರ್‌ನವರು ಅಂತರ್ಜಾಲದಲ್ಲಿ ಇಟ್ಟಿದ್ದಾರೆ. ಎದುರಿಗೆ 9ನೇ ಅಂತಸ್ತಿನ ನಕ್ಷೆ ಇಟ್ಟುಕೊಂಡು ಯಾರು ಎಲ್ಲಿ ಕೂತಿದ್ದರು, ಯಾವ ಬಾಗಿಲಿಗೆ ಓಡಿದರು ಎಂದು ಪೆನ್ಸಿಲಿನಲ್ಲಿ ಗುರುತು ಹಾಕುತ್ತಾ ಹೋಗು. ಮೊದಲ ಅಧ್ಯಾಯ ಆದ ಕೂಡಲೇ ಕಳಿಸು, ಉಳಿದದ್ದಕ್ಕೆ ಕಾಯಬೇಡ. ಚಳಿ ಶುರುವಾಗಿರಬೇಕು, ಹೊತ್ತಿಗೆ ಸರಿಯಾಗಿ ಊಟ ಮಾಡು.

ಇಂತಿ,
ನಿನ್ನ ದೊಡ್ಡಪ್ಪ