ಕುಡಿದಿದ್ದಾರೆಂದು ಎಚ್‌ಐವಿ ಮಾತ್ರೆ ತಡೆಯಬೇಡಿ: ಆರೋಗ್ಯ ಸಚಿವರಿಗೆ ಕೊಡಗಿನಿಂದ ಬಹಿರಂಗ ಪತ್ರ

ಮಾನ್ಯ ಆರೋಗ್ಯ ಸಚಿವರಿಗೆ,

ನಮಸ್ಕಾರ.

ನಾನು ಸಾರ್ವಜನಿಕ ಆರೋಗ್ಯ ಸಂಶೋಧಕಿ. ಒಂದೇ ಕಾಯಿಲೆ ಇದ್ದರೂ ಕೆಲವರು ಬದುಕುತ್ತಾರೆ, ಕೆಲವರು ಬೇಗ ಸಾಯುತ್ತಾರೆ. ಇದು ಯಾಕೆ ಎಂಬುದೇ ನನ್ನ ಅಧ್ಯಯನ. ಅದರಲ್ಲೂ ಎಚ್‌ಐವಿ ಜೊತೆಗೆ ಕುಡಿತ, ಮಾದಕ ವಸ್ತುಗಳ ಚಟ ಇರುವವರ ಬಗ್ಗೆ. ಕೊಡಗಿನ ತೋಟದ ಕೆಲಸಗಾರರು ಸಾಲಾಗಿ ವಾಸಿಸುವ ಲೈನ್ ಮನೆಗಳಲ್ಲಿ, ಆದಿವಾಸಿಗಳ ಹಾಡಿಗಳಲ್ಲಿ ಕೂತು ಜನರ ಮಾತು ಕೇಳುವುದು ನನ್ನ ಕೆಲಸ. ಎರಡು ವರ್ಷದಲ್ಲಿ ನಾಲ್ಕು ಮನವಿ ಕೊಟ್ಟಿದ್ದೇನೆ. ನಾಲ್ಕರ ಮೇಲೂ ಸೀಲು ಬಿದ್ದಿದೆ. ಒಂದಕ್ಕೂ ಉತ್ತರ ಬಂದಿಲ್ಲ. ಅದಕ್ಕೇ ಈ ಸಲ ಎಲ್ಲರೂ ಓದಲಿ ಎಂದು ಬರೆಯುತ್ತಿದ್ದೇನೆ.

ಕೇಳುವುದು ಒಂದೇ. ಬಾಯಲ್ಲಿ ಮದ್ಯದ ವಾಸನೆ ಇದೆ ಎಂದು ಯಾರಿಗೂ ಎಆರ್‌ಟಿ ಮಾತ್ರೆ, ಅಂದರೆ ಎಚ್‌ಐವಿ ವೈರಸ್ ಹತೋಟಿಯಲ್ಲಿಡುವ ಮಾತ್ರೆ, ತಡೆಯಬಾರದು ಎಂದು ಒಂದು ಲಿಖಿತ ಆದೇಶ ಹೊರಡಿಸಿ.

ಕಳೆದ ವರ್ಷ ಕಾಫಿ ಕೊಯ್ಲಿನ ಸಮಯ. ನನಗೆ ಪರಿಚಯವಿದ್ದ ಒಬ್ಬ ತೋಟದ ಕೆಲಸಗಾರರ ಮಾತ್ರೆ ಮುಗಿದಿತ್ತು. ಅವರ ಹೆಸರು, ಊರು, ತೋಟ ಯಾವುದನ್ನೂ ಹೇಳುವುದಿಲ್ಲ. "ಬರೀರಿ ಅಕ್ಕ, ಹೆಸರು ಮಾತ್ರ ಬೇಡ" ಎಂದು ಅವರೇ ಹೇಳಿದ್ದಾರೆ. ಕೊಯ್ಲಿನಲ್ಲಿ ರಜೆ ಕೇಳುವುದು ಸುಲಭವಲ್ಲ. ಒಂದು ದಿನದ ಕೂಲಿ ಬಿಟ್ಟು, ಆನೆ ಓಡಾಡುವ ದಾರಿಯಲ್ಲಿ ಕತ್ತಲೆಯಲ್ಲೇ ನಡೆದು, ಮೊದಲ ಬಸ್ ಹಿಡಿದು ಬಂದಿದ್ದರು. ಹಿಂದಿನ ದಿನ ಬಟವಾಡೆ. ರಾತ್ರಿ ಕುಡಿದಿದ್ದರು. ಬೆಳಗ್ಗೆ ಮಾತು, ನಡಿಗೆ ಎಲ್ಲ ಸರಿಯಾಗಿತ್ತು. ವಾಸನೆ ಹೋಗಿರಲಿಲ್ಲ, ಅಷ್ಟೇ.

ನಾನು ಅವರ ಜೊತೆಗೇ ಇದ್ದೆ. ಆ ಆಸ್ಪತ್ರೆಯ ಕಿಟಕಿಯಲ್ಲಿದ್ದವರು ಅವರ ಚೀಟಿ ನೋಡಿ, ಮುಖ ನೋಡಿ, ಸಾಲಿನಲ್ಲಿದ್ದ ಎಲ್ಲರಿಗೂ ಕೇಳುವಂತೆ ಕೂಗಿದರು. "ಎಚ್‌ಐವಿ ಇಟ್ಕೊಂಡು ಕುಡಿದು ಬರ್ತೀಯಾ? ಸರ್ಕಾರದ ಮಾತ್ರೆ ದಂಡ. ಬಿಟ್ಟು ಬಾ, ಆಮೇಲೆ ಕೊಡ್ತೀನಿ." ನಾನು ಮುಂದೆ ಹೋಗಿ ಕೇಳಿದೆ. "ನೀವು ನಿಮ್ಮ ಸಂಶೋಧನೆ ನೋಡ್ಕೊಳ್ಳಿ ಮೇಡಂ" ಎಂದರು. ಡಾಕ್ಟರನ್ನು ಕಾಣಬೇಕೆಂದರೆ ಮೀಟಿಂಗ್‌ನಲ್ಲಿದ್ದಾರೆ ಎಂದರು. ನಾನು ಅಲ್ಲೇ ವಾದ ಮಾಡುತ್ತಾ ನಿಂತೆ. ತಿರುಗಿ ನೋಡುವಷ್ಟರಲ್ಲಿ ಅವರು ಇರಲಿಲ್ಲ. ಬಸ್ ಸ್ಟ್ಯಾಂಡಿನವರೆಗೂ ಹುಡುಕಿದೆ. ಸಿಗಲಿಲ್ಲ.

ಆ ಸಾಲಿನಲ್ಲಿ ಅವರದೇ ಲೈನಿನ ಪಕ್ಕದ ಮನೆಯವರೊಬ್ಬರು ಜ್ವರಕ್ಕೆ ಔಷಧಿ ತೆಗೆದುಕೊಳ್ಳಲು ನಿಂತಿದ್ದರು. ವಾರದೊಳಗೆ ಇಡೀ ಲೈನಿಗೆ ಗೊತ್ತಾಯಿತು. ಮಕ್ಕಳನ್ನು ಇವರ ಮಕ್ಕಳ ಜೊತೆ ಆಡಲು ಬಿಡಲಿಲ್ಲ. ತೋಟದ ಲೆಕ್ಕ ನೋಡುವ ರೈಟರ್ "ನಾಳೆಯಿಂದ ಬರೋದು ಬೇಡ" ಎಂದರು. ಹೆಂಡತಿ ನಲ್ಲಿಯ ಹತ್ತಿರ ಹೋಗಲು ಎಲ್ಲರೂ ಹೋಗುವವರೆಗೆ ಕಾಯಬೇಕಾಯಿತು. ಅವರು ಮತ್ತೆ ಆಸ್ಪತ್ರೆಯ ಕಡೆ ಮುಖ ಹಾಕಲಿಲ್ಲ. ನಾಲ್ಕು ತಿಂಗಳ ನಂತರ ಟಿಬಿ ಹಿಡಿದು, ಎಲುಬು ಕಾಣುವ ಸ್ಥಿತಿಯಲ್ಲಿ ಬೇರೊಂದು ಕಡೆ ದಾಖಲಾದರು. ಆ ಬೆಳಿಗ್ಗೆ ಒಂದು ಡಬ್ಬಿ ಕೊಟ್ಟಿದ್ದರೆ ಸಾಕಿತ್ತು. ದಿನಕ್ಕೆ ಒಂದೇ ಮಾತ್ರೆ, ಸರ್.

ಕಾನೂನು ತಮಗೆ ಗೊತ್ತಿರುವುದೇ. 2017ರ ಎಚ್‌ಐವಿ ಕಾಯ್ದೆ 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಎಚ್‌ಐವಿ ಇರುವವರಿಗೆ ಚಿಕಿತ್ಸೆ ನಿರಾಕರಿಸುವುದು, ನಿಲ್ಲಿಸುವುದು ತಾರತಮ್ಯ ಎಂದು ಅದರ 3ನೇ ಸೆಕ್ಷನ್ ಹೇಳುತ್ತದೆ. ಒಪ್ಪಿಗೆ ಇಲ್ಲದೆ ಅವರ ವಿಷಯ ಬಯಲು ಮಾಡುವಂತಿಲ್ಲ. ಅದೇ 2017ರ ಮಾನಸಿಕ ಆರೋಗ್ಯ ಕಾಯ್ದೆ ಕುಡಿತ ಮತ್ತು ಮಾದಕ ವಸ್ತುಗಳ ದುರ್ಬಳಕೆಯಿಂದ ಬರುವ ತೊಂದರೆಗಳನ್ನೂ ಮಾನಸಿಕ ಕಾಯಿಲೆಯ ಲೆಕ್ಕಕ್ಕೇ ಸೇರಿಸಿದೆ. ಅಂದರೆ ಆ ಮನುಷ್ಯನಿಗೆ ಎರಡು ಕಾಯಿಲೆ. ಒಂದು ಕಾಯಿಲೆ ಇದೆ ಎಂದು ಇನ್ನೊಂದಕ್ಕೆ ಔಷಧಿ ಇಲ್ಲ ಎನ್ನುವುದು ಯಾವ ನ್ಯಾಯ?

ಇದರಿಂದ ಆಗುವ ಕೆಡುಕು ಒಬ್ಬರಿಗೆ ನಿಲ್ಲುವುದಿಲ್ಲ. ಕುಡಿದಾಗ ಮಾತ್ರೆ ನುಂಗಿದರೆ ವಿಷವಾಗುತ್ತದೆ ಎಂದು ನಂಬಿದವರು ಕುಡಿದ ದಿನ ಮಾತ್ರೆಯನ್ನೇ ಬಿಡುತ್ತಾರೆ. ಬೇರೆ ಬೇರೆ ದೇಶಗಳ ಅಧ್ಯಯನಗಳಲ್ಲಿ ಇದು ಕಂಡಿದೆ. ನನಗೂ ಲೈನ್ ಮನೆಗಳಲ್ಲಿ ಇದೇ ಮಾತು ಕೇಳಿಸಿದೆ. ಕುಡಿತದಿಂದ ಲಿವರ್ ಹಾಳಾಗುತ್ತದೆ, ನಿಜ. ಆದರೆ ಮಾತ್ರೆ ಬಿಟ್ಟರೆ ವೈರಸ್ ಮತ್ತೆ ಏರುತ್ತದೆ. ಮಾತ್ರೆ ತಪ್ಪದೆ ತೆಗೆದುಕೊಂಡು ವೈರಸ್ ಪರೀಕ್ಷೆಯಲ್ಲಿ ಕಾಣದಷ್ಟು ಇಳಿದರೆ ಲೈಂಗಿಕ ಸಂಪರ್ಕದಿಂದ ಇನ್ನೊಬ್ಬರಿಗೆ ಹರಡುವುದೇ ಇಲ್ಲ. ಹಾಗಿದ್ದ ಮೇಲೆ ಮಾತ್ರೆ ತಡೆದು ಯಾರನ್ನು ಕಾಪಾಡಿದ ಹಾಗಾಯಿತು? ಸೂಜಿ ಚುಚ್ಚಿಕೊಂಡು ಮಾದಕ ವಸ್ತು ಬಳಸುವವರಿಗೆ ನಮ್ಮ ದೇಶದ ಕಾರ್ಯಕ್ರಮದಲ್ಲೇ ಹೊಸ ಸೂಜಿ ಕೊಡುತ್ತಾರೆ. ಹೆರಾಯಿನ್‌ನಂಥ ಮಾದಕ ವಸ್ತುವಿನ ಬದಲಿಗೆ ನಾಲಿಗೆ ಕೆಳಗೆ ಇಡುವ ಬುಪ್ರಿನಾರ್ಫಿನ್ ಮಾತ್ರೆಯನ್ನೂ ಕೊಡುತ್ತಾರೆ. ಮೊದಲು ಚಟ ಬಿಟ್ಟು ಬಾ ಎನ್ನುವುದಿಲ್ಲ. ಹಾಗಾದರೆ ತೋಟದ ಕೂಲಿಗೆ ಮಾತ್ರ ಈ ಷರತ್ತು ಎಲ್ಲಿಂದ ಬಂತು?

ಕುಡಿತ ಕೊಡಗಿಗೆ ಹೊಸದಲ್ಲ. ನಮ್ಮ ಮದುವೆ, ಹಬ್ಬ ಯಾವುದರಲ್ಲೂ ಅದು ಇದ್ದದ್ದೇ. ರಾತ್ರಿ ನಾಲ್ಕು ಪೆಗ್ ಹಾಕಿದ ತೋಟದ ಮಾಲೀಕರು ಬೆಳಗ್ಗೆ ಬಿಪಿ ಮಾತ್ರೆ ಕೇಳಿದರೆ ಯಾರೂ ಬಾಯಿ ಮೂಸಿ ನೋಡುವುದಿಲ್ಲ. ಆದಿವಾಸಿಗಳಾದ ಯರವರು, ಜೇನುಕುರುಬರು, ಅಸ್ಸಾಂನಿಂದ ಬಂದ ಕೆಲಸಗಾರರು ಬಂದರೆ ಮೂಸುತ್ತಾರೆ. ನಾನು ಅಧ್ಯಯನ ಮಾಡುವ ಅಸಮಾನತೆ ಎಂದರೆ ಇದೇ, ಸರ್. ಇದಕ್ಕೆ ದೊಡ್ಡ ಲೆಕ್ಕಾಚಾರವೇನೂ ಬೇಡ. ಒಂದು ಬೆಳಗ್ಗೆ ಹೋಗಿ ಸಾಲಿನಲ್ಲಿ ನಿಂತರೆ ಸಾಕು.

ನಾಲ್ಕು ಮನವಿಯಲ್ಲಿ ಬರೆದಿದ್ದನ್ನೇ ಐದನೇ ಸಲ ಬರೆಯುತ್ತಿದ್ದೇನೆ. ನನಗೂ ಸಾಕಾಗಿದೆ. ವಾಸನೆ ನೋಡಿ ಮಾತ್ರೆ ತಡೆಯಬಾರದು ಎಂದು ಆದೇಶ ಹೊರಡಿಸಿ. ಅದನ್ನು ಕನ್ನಡದಲ್ಲಿ ದೊಡ್ಡ ಅಕ್ಷರದಲ್ಲಿ ಬರೆಸಿ, ಮಾತ್ರೆ ಕೊಡುವ ಪ್ರತಿ ಕಿಟಕಿಯ ಪಕ್ಕ ಅಂಟಿಸಿ. ಕೆಳಗೆ 1097 ಎಚ್‌ಐವಿ ಸಹಾಯವಾಣಿಯ ನಂಬರ್ ಇರಲಿ. ಕುಡಿತ ಬಿಡಬೇಕು ಎನ್ನುವವರಿಗೆ ಅದೇ ದಿನ, ಅದೇ ಆಸ್ಪತ್ರೆಯಲ್ಲಿ ಚಿಕಿತ್ಸೆ ಸಿಗಲಿ. ಬಿಡಲಾಗದವರಿಗೂ ಮಾತ್ರೆ ಸಿಗಲಿ. ಹೊಸ ಕಟ್ಟಡ ಬೇಡ, ಹೊಸ ಯೋಜನೆ ಬೇಡ. ಒಂದು ಹಾಳೆ, ಅದರ ಕೆಳಗೆ ಒಂದು ಸಹಿ.

ಆ ತೋಟದ ಕೆಲಸಗಾರರು ಈಗ ಮತ್ತೆ ಮಾತ್ರೆ ತೆಗೆದುಕೊಳ್ಳುತ್ತಿದ್ದಾರೆ. ಟಿಬಿ ಚಿಕಿತ್ಸೆಯೂ ನಡೆಯುತ್ತಿದೆ. ಮೊನ್ನೆ ಮನೆಗೆ ಹೋಗಿದ್ದೆ. ಕುಡಿತ ಕಡಿಮೆಯಾಗಿದೆ, ಪೂರ್ತಿ ನಿಂತಿಲ್ಲ. ಡಬ್ಬಿ ತಂದು ನನ್ನ ಮುಂದೆ ಸುರಿದು ಎಣಿಸಿದರು. 11 ಮಾತ್ರೆ ಉಳಿದಿದ್ದವು. "ಮುಂದಿನ ಸಲ ಕೊಡ್ತಾರಾ ಅಕ್ಕ?" ಎಂದು ಕೇಳಿದರು. ನಾನು ಹೋಗಿ ಹೇಳಬೇಕು. ಏನು ಹೇಳಲಿ?

ಇಂತಿ,
ಕೊಡಗಿನ ಒಬ್ಬ ಸಾರ್ವಜನಿಕ ಆರೋಗ್ಯ ಸಂಶೋಧಕಿ