ಹತ್ತನೆಯ ತರಗತಿಯ ಪೋಷಕರಿಗೆ: ಶುಕ್ರವಾರದ ವಿಜ್ಞಾನ ಅವಧಿಯ ಕುರಿತು

ಮಾನ್ಯ ಪೋಷಕರಿಗೆ ನಮಸ್ಕಾರಗಳು.

ಶುಕ್ರವಾರದ ಕೊನೆಯ ಅವಧಿಯಲ್ಲಿ ವೈದ್ಯಕೀಯ ಮತ್ತು ಜೀವಕೋಶ ವಿಜ್ಞಾನದ ಹೊಸ ಸಂಶೋಧನೆಗಳನ್ನು ಪರಿಚಯಿಸುತ್ತಿರುವುದಕ್ಕೆ ತಮ್ಮಲ್ಲಿ ಕೆಲವರು ಪತ್ರ ಬರೆದೂ ಕೆಲವರು ಖುದ್ದಾಗಿ ಬಂದೂ ಆಕ್ಷೇಪ ತಿಳಿಸಿದ್ದೀರಿ. ಪರೀಕ್ಷೆಯ ವರ್ಷದಲ್ಲಿ ಪಠ್ಯದಲ್ಲಿಲ್ಲದ ವಿಷಯವೇಕೆ ಎಂಬುದು ಒಂದು ದೂರು. ತರಗತಿಯಲ್ಲಿ ಕೇಳಿದ್ದನ್ನು ನೆಚ್ಚಿಕೊಂಡು ವಿದ್ಯಾರ್ಥಿಯೊಬ್ಬ ಮನೆಯಲ್ಲಿ ತಾತನಿಗೆ ‘ಇನ್ನು ಸಕ್ಕರೆ ಕಾಯಿಲೆಯ ಮಾತ್ರೆ ಬೇಕಾಗಿಲ್ಲ’ ಎಂದದ್ದು ಇನ್ನೊಂದು. ಅದನ್ನು ನಾವು ಹಗುರವಾಗಿ ತೆಗೆದುಕೊಂಡಿಲ್ಲ. ತಾತನವರು ಮಾತ್ರೆ ಬಿಡಲಿಲ್ಲವೆಂಬುದು ಸಮಾಧಾನದ ಸಂಗತಿ. ಆ ಮನೆಯವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ.

ಅಂದು ಪಾಠವಾದದ್ದು ಇಷ್ಟು. ಬೇರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಆಕರ ಕೋಶಗಳಿಂದ (ಸ್ಟೆಮ್ ಸೆಲ್) ಪ್ರಯೋಗಾಲಯದಲ್ಲಿ ಇನ್ಸುಲಿನ್ ಸ್ರವಿಸುವ ಕೋಶಗಳನ್ನು ಬೆಳೆಸಿ, ಒಂದನೆಯ ವಿಧದ ಮಧುಮೇಹ ತೀವ್ರವಾಗಿದ್ದವರ ಯಕೃತ್ತಿಗೆ ಹೋಗುವ ರಕ್ತನಾಳಕ್ಕೆ ಸೇರಿಸಿದ ಪ್ರಯೋಗದ ಫಲಿತಾಂಶ 2025ರಲ್ಲಿ ಪ್ರಕಟವಾಯಿತು. ಪೂರ್ಣ ಪ್ರಮಾಣ ಪಡೆದ 12 ಮಂದಿಯಲ್ಲಿ 10 ಮಂದಿಗೆ ಒಂದು ವರ್ಷದ ಹೊತ್ತಿಗೆ ಇನ್ಸುಲಿನ್ ಚುಚ್ಚುಮದ್ದು ಬೇಕಾಗಿರಲಿಲ್ಲ. ಆದರೆ ದೇಹವು ಆ ಕೋಶಗಳನ್ನು ತಿರಸ್ಕರಿಸದಿರಲು ಅವರು ರೋಗನಿರೋಧಕ ಶಕ್ತಿಯನ್ನು ತಗ್ಗಿಸುವ ಔಷಧ ಸೇವಿಸುತ್ತಲೇ ಇರಬೇಕು, ಅದರಿಂದ ಸೋಂಕಿನ ಅಪಾಯ ಹೆಚ್ಚುತ್ತದೆ. ತಾತನವರದು ಎರಡನೆಯ ವಿಧ, ಅದರ ಕಾರಣವೇ ಬೇರೆ. ಶಿಕ್ಷಕಿಯವರು ಇದೆಲ್ಲವನ್ನೂ ಹೇಳಿದ್ದರು. ನಾನು ಆ ಹುಡುಗನ ನೋಟ್‌ಬುಕ್ ತರಿಸಿ ನೋಡಿದೆ: ‘12ರಲ್ಲಿ 10’ ಎಂಬುದರ ಸುತ್ತ ಕೆಂಪು ಶಾಯಿಯ ವೃತ್ತವಿತ್ತು, ‘ಟೈಪ್ 1 ಮಾತ್ರ’ ಎಂಬುದು ಅಂಚಿನಲ್ಲಿ ಪೆನ್ಸಿಲಿನ ಸಣ್ಣ ಅಕ್ಷರದಲ್ಲಿತ್ತು.

ತಾತನ ಮೇಲಿನ ಅಕ್ಕರೆಯಿಂದ ಹಾಗೆ ಓದಿಕೊಂಡ ಹುಡುಗನನ್ನು ಗದರುವ ಮನಸ್ಸು ನನಗಿಲ್ಲ. ಇಂಥ ಸುದ್ದಿಗಳ ತಲೆಬರಹಗಳೂ ಸಾಮಾನ್ಯವಾಗಿ ಅದೇ ವೃತ್ತವನ್ನೇ ಎಳೆಯುತ್ತವೆ. ನಾವು ಈ ಅವಧಿಯನ್ನು ನಿಲ್ಲಿಸಿದ ಮಾತ್ರಕ್ಕೆ ಮಕ್ಕಳ ಕಿವಿಗೆ ಈ ಸುದ್ದಿ ಬೀಳುವುದು ನಿಲ್ಲುವುದಿಲ್ಲ. ತಿದ್ದಲು ಯಾರೂ ಇಲ್ಲದ ಕಡೆ, ಮೊಬೈಲಿನಲ್ಲಿ ಬೀಳುತ್ತದೆ. ಇನ್ನು ಮುಂದೆ ಮಕ್ಕಳು ಪ್ರತಿಯೊಂದು ಸಂಶೋಧನೆಗೂ ಪುಟದ ಮೇಲ್ಭಾಗದಲ್ಲೇ, ಪೆನ್ನಿನಲ್ಲಿ, ಪ್ರಯೋಗ ನಡೆದದ್ದು ಇಲಿಗಳ ಮೇಲೋ ಮನುಷ್ಯರ ಮೇಲೋ, ಎಷ್ಟು ಮಂದಿಯ ಮೇಲೆ, ಎಷ್ಟು ಕಾಲ, ಔಷಧ ನಿಯಂತ್ರಕರ ಅನುಮತಿ ದೊರೆತಿದೆಯೇ ಎಂಬುದನ್ನು ಬರೆದ ನಂತರವೇ ಮುಂದಿನದನ್ನು ಬರೆಯುತ್ತಾರೆ.

ಪರೀಕ್ಷೆಯ ಆತಂಕ ನನಗೆ ಅರ್ಥವಾಗುತ್ತದೆ. ಈ ಅವಧಿಯನ್ನು ಯಾವ ವಿಷಯದ ಪಾಠದಿಂದಲೂ ಕಿತ್ತುಕೊಂಡಿಲ್ಲ ಎಂಬುದನ್ನು ಹಿಂದೆಯೂ ತಿಳಿಸಿದ್ದೆ, ಮತ್ತೊಮ್ಮೆ ತಿಳಿಸುತ್ತೇನೆ. ಇಲ್ಲಿ ಕಲಿತದ್ದು ಪಠ್ಯಕ್ಕೂ ನೆರವಾಗುತ್ತದೆ. ಕೆಂಪು ರಕ್ತಕಣಗಳು ಕುಡುಗೋಲಿನಂತೆ ಬಾಗುವ ಸಿಕಲ್ ಸೆಲ್ ಕಾಯಿಲೆಗೆ 2023ರ ನವೆಂಬರಿನಲ್ಲಿ ಬ್ರಿಟನ್, ಡಿಸೆಂಬರಿನಲ್ಲಿ ಅಮೆರಿಕ ಅನುಮತಿ ನೀಡಿದ, ವಂಶವಾಹಿಯನ್ನು ತಿದ್ದುವ ಕ್ರಿಸ್ಪರ್ ಚಿಕಿತ್ಸೆಯನ್ನೇ ನೋಡಿ. ರೋಗಿಯದೇ ಆಕರ ಕೋಶಗಳನ್ನು ತೆಗೆದು, ಗರ್ಭದಲ್ಲಿದ್ದಾಗಿನ ಹಿಮೋಗ್ಲೋಬಿನ್ ಹುಟ್ಟಿದ ಮೇಲೆ ತಯಾರಾಗದಂತೆ ತಡೆಯುವ ವಂಶವಾಹಿಯ ಹಿಡಿತವನ್ನು ಅವುಗಳಲ್ಲಿ ಸಡಿಲಿಸಿ, ಕೀಮೋಥೆರಪಿಯಿಂದ ಅಸ್ಥಿಮಜ್ಜೆಯನ್ನು ತೆರವುಗೊಳಿಸಿದ ಬಳಿಕ ದೇಹಕ್ಕೆ ಮರಳಿಸುತ್ತಾರೆ. ಇದನ್ನು ತನ್ನ ಮಾತಿನಲ್ಲಿ ವಿವರಿಸಬಲ್ಲ ವಿದ್ಯಾರ್ಥಿಗೆ ಡಿಎನ್‌ಎ, ಪ್ರೋಟೀನು, ರಕ್ತಕಣಗಳ ಪಾಠವನ್ನು ಬಾಯಿಪಾಠ ಮಾಡಿಸಬೇಕಾಗಿಲ್ಲ. ಭ್ರೂಣದ ವಂಶವಾಹಿ ತಿದ್ದುವ ಚರ್ಚೆ ಈ ವಯಸ್ಸಿಗೆ ಬೇಡವೆಂಬ ತಮ್ಮ ಸಲಹೆಯನ್ನು ಮಾತ್ರ, ಅರೆಮನಸ್ಸಿನಿಂದಲೇ ಆದರೂ, ಈ ವರ್ಷದ ಮಟ್ಟಿಗೆ ಒಪ್ಪಿದ್ದೇನೆ.

ಆದ್ದರಿಂದ ಅವಧಿ ಮುಂದುವರಿಯುತ್ತದೆ. ತಮ್ಮ ಕಾಳಜಿಯನ್ನು ಕಡೆಗಣಿಸಿ ಕೈಗೊಂಡ ತೀರ್ಮಾನ ಇದಲ್ಲ. ಸಂದೇಹವಿರುವವರು ಯಾವ ಶುಕ್ರವಾರ ಬೇಕಾದರೂ ಬಂದು ಹಿಂದಿನ ಬೆಂಚಿನಲ್ಲಿ ಕುಳಿತು ಪಾಠ ಕೇಳಬಹುದು, ಶಿಕ್ಷಕಿಯವರಿಗೂ ಸಂತೋಷವೇ.

ಆ ದಿನ ಮಕ್ಕಳನ್ನು ಕೊನೆಯ ಅವಧಿಗೆ ಮುಂಚೆ ಮನೆಗೆ ಕರೆದೊಯ್ಯಬಾರದೆಂದು ವಿನಂತಿ.

ವಿಶ್ವಾಸಪೂರ್ವಕವಾಗಿ,
ಮುಖ್ಯೋಪಾಧ್ಯಾಯರು